ಮದ್ದಾನೆಯ ರಕ್ತದಲ್ಲಿ ಓಡುವ ಓಲೆಕಾರ

2023ರ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಅರಣ್ಯ ವಲಯದಲ್ಲಿ ಅರ್ಜುನ ಸತ್ತಿತು. 2012ರಿಂದ 2019ರವರೆಗೆ ಮೈಸೂರು ದಸರೆಯಲ್ಲಿ ಎಂಟು ಬಾರಿ ಚಿನ್ನದ ಅಂಬಾರಿ ಹೊತ್ತಿದ್ದ, ಅರವತ್ತು ದಾಟಿದ ಆನೆ ಅದು. ಅಂಬಾರಿಯ ಹೊರೆ ಇಳಿದ ಮೇಲೂ ಅದಕ್ಕೆ ನಿವೃತ್ತಿ ಇರಲಿಲ್ಲ. ಕಾಡಾನೆ ಹಿಡಿಯುವ, ಅವುಗಳ ಕೊರಳಿಗೆ ರೇಡಿಯೊ ಪಟ್ಟಿ ತೊಡಿಸುವ ಕಾರ್ಯಾಚರಣೆಗೆಂದು ಹಾಸನದ ಮಲೆನಾಡಿಗೆ ಕರೆತಂದಿದ್ದರು. ಎದುರಾದ ಕಾಡಿನ ಸಲಗ ಅದನ್ನು ತಿವಿದು ಕೊಂದಿತು.

ನಾಡಿನ ಜನ ಕಣ್ಣೀರಿಟ್ಟರು. ಸ್ಮಾರಕ ಬೇಕೆಂದರು. ಕಾರ್ಯಾಚರಣೆಯಲ್ಲಿ ಲೋಪವಾಯಿತೇ ಎಂಬ ಪ್ರಶ್ನೆಗಳೂ ಎದ್ದವು. ಈ ಗದ್ದಲದ ನಡುವೆ ಒಂದು ವಾಕ್ಯ ಎಲ್ಲ ವರದಿಗಳಲ್ಲೂ ಬಂದು, ಯಾರೂ ಬಿಡಿಸಿ ಹೇಳದೆ ಹಾಗೆಯೇ ಉಳಿದುಹೋಯಿತು: ‘ಆ ಕಾಡಾನೆಗೆ ಮದ ಬಂದಿತ್ತು.’

ಮಲೆನಾಡಿನಲ್ಲಿ ಇದು ದಿನಬಳಕೆಯ ಮಾತು. ಆಲೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ‘ಅದಕ್ಕೆ ಮದ ಬಂದೈತೆ, ಆ ಕಡೆ ಹೋಗಬೇಡಿ’ ಎನ್ನುವುದು ಮಳೆಯ ಸೂಚನೆ ಕೊಟ್ಟಷ್ಟೇ ಸಹಜ. ‘ಮದ್ದಾನೆ’ ಎಂಬ ಪದ ನಮ್ಮ ಹಳೆಯ ಕಾವ್ಯಗಳಿಂದ ಊರಿನ ಜಗಳದವರೆಗೂ ಬಾಳಿ ಬಂದಿದೆ. ಮಾವುತರ ಬಾಯಲ್ಲಿರುವ ‘ಮಸ್ತಿ’ಯ ಬೇರು ಪಾರಸಿಯ ‘ಮಸ್ತ್’. ಸಂಸ್ಕೃತದ ಮದವಾಗಲಿ, ಪಾರಸಿಯ ಮಸ್ತ್ ಆಗಲಿ, ಅರ್ಥ ಒಂದೇ: ಅಮಲು. ದೂರದೂರದ ಜನ ಆನೆಯನ್ನು ನೋಡಿ ಒಂದೇ ತೀರ್ಮಾನಕ್ಕೆ ಬಂದರು ಎನ್ನಬೇಕು. ಆದರೆ ಕುಡುಕನಿಗೆ ಹೆಂಡ ಹೊರಗಿನಿಂದ ಬರಬೇಕು. ಆನೆಯಾದರೋ ತನ್ನ ಅಮಲನ್ನು ತಾನೇ ಬಟ್ಟಿ ಇಳಿಸುತ್ತದೆ. ಆ ಬಟ್ಟಿ ಇರುವುದೆಲ್ಲಿ, ಅದಕ್ಕೆ ಬೆಂಕಿ ಹಚ್ಚುವವರು ಯಾರು, ಆರಿಸುವವರು ಯಾರು?

ಕಣ್ಣಿಗೆ ಕಾಣುವ ಗುರುತಿನಿಂದ ಶುರುಮಾಡೋಣ. ಆನೆಯ ಕಣ್ಣಿಗೂ ಕಿವಿಗೂ ನಡುವೆ, ಕೆನ್ನೆಯ ಮೇಲ್ಭಾಗದಲ್ಲಿ, ಚರ್ಮದ ಕೆಳಗೊಂದು ಗ್ರಂಥಿಯಿದೆ. ಮದದ ಕಾಲದಲ್ಲಿ ಅದು ಊದಿಕೊಂಡು, ಸಣ್ಣ ರಂಧ್ರದ ಮೂಲಕ ಎಣ್ಣೆಯಂಥ ಕಪ್ಪು ರಸವನ್ನು ಸುರಿಸುತ್ತದೆ. ಕವಿಗಳು ಮದಜಲ ಎಂದದ್ದು ಇದನ್ನೇ. ಜತೆಗೆ ಮೂತ್ರ ಹನಿಹನಿಯಾಗಿ ತೊಟ್ಟಿಕ್ಕುತ್ತದೆ. ಆನೆ ಮೇವು ಕಡಿಮೆ ಮಾಡುತ್ತದೆ, ಹೆಚ್ಚು ಅಲೆಯುತ್ತದೆ, ಇಳಿದುಹೋಗುತ್ತದೆ. ಆದರೆ ಈ ಗ್ರಂಥಿ ಬಟ್ಟಿಯಲ್ಲ, ಬಟ್ಟಿಯ ಹೊಗೆಗೂಡು ಮಾತ್ರ. ಬೆಂಕಿ ಇರುವುದು ದೇಹದ ಆಳದಲ್ಲಿ.

ಅದನ್ನು ಅರಿಯಲು ಆನೆಯನ್ನು ಬಿಟ್ಟು ಒಂದು ಕ್ಷಣ ಕೋಳಿಯ ಬಳಿಗೆ ಹೋಗಬೇಕು. 1849ರಲ್ಲಿ ಜರ್ಮನಿಯ ಗಟಿಂಗೆನ್ ನಗರದಲ್ಲಿ ಅರ್ನಾಲ್ಡ್ ಬರ್ಟೋಲ್ಡ್ ಎಂಬ ವಿಜ್ಞಾನಿ ಕೆಲವು ಎಳೆಯ ಹುಂಜಗಳ ವೃಷಣಗಳನ್ನು ತೆಗೆದ. ಅವುಗಳ ಜುಟ್ಟು ಬೆಳೆಯಲಿಲ್ಲ, ಅವು ಹುಂಜದಂತೆ ಕೂಗಲಿಲ್ಲ, ಕಾದಾಡಲಿಲ್ಲ. ಹೀಗೆ ಬೀಜ ತೆಗೆಯುವುದು ರೈತರಿಗೆ ಹೊಸದೇನಲ್ಲ. ಹೊಸದಾಗಿದ್ದುದು ಮುಂದಿನ ಹೆಜ್ಜೆ. ಇನ್ನು ಕೆಲವು ಹುಂಜಗಳಲ್ಲಿ ತೆಗೆದ ವೃಷಣವನ್ನು ಹೊಟ್ಟೆಯೊಳಗೆ ಬೇರೊಂದು ಜಾಗದಲ್ಲಿ ಇಟ್ಟ. ನರದ ನಂಟು ಕಡಿದುಹೋಗಿತ್ತು. ಆದರೂ ಜುಟ್ಟು ಕೆಂಪಗೆ ಎದ್ದಿತು, ಕೂಗು ಬಂತು, ಜಗಳವೂ ಬಂತು. ನರದ ತಂತಿಯಿಲ್ಲದೆ ಹೊಟ್ಟೆಯಿಂದ ನೆತ್ತಿಗೆ ಸುದ್ದಿ ಮುಟ್ಟಿತೆಂದರೆ ಅದು ರಕ್ತದಲ್ಲೇ ಸಾಗಿರಬೇಕು.

ಇದನ್ನು ಆಗ ಹೆಚ್ಚು ಜನ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅರ್ಧ ಶತಮಾನದ ಬಳಿಕ, 1902ರಲ್ಲಿ, ಲಂಡನ್ನಿನ ವಿಲಿಯಂ ಬೇಲಿಸ್ ಮತ್ತು ಅರ್ನೆಸ್ಟ್ ಸ್ಟಾರ್ಲಿಂಗ್ ನಾಯಿಯ ಸಣ್ಣ ಕರುಳಿನ ನರಗಳನ್ನೆಲ್ಲ ಕತ್ತರಿಸಿದರು. ಆದರೂ ಕರುಳಿಗೆ ಆಮ್ಲ ತಾಗಿದೊಡನೆ ಮೇದೋಜೀರಕ ಗ್ರಂಥಿ ರಸ ಸುರಿಸಿತು. ಕರುಳು ರಕ್ತದ ಮೂಲಕ ಓಲೆ ಕಳಿಸಿತ್ತು. 1905ರಲ್ಲಿ ಸ್ಟಾರ್ಲಿಂಗ್ ಇಂಥ ಓಲೆಕಾರರಿಗೆ ‘ಹಾರ್ಮೋನು’ ಎಂದು ಹೆಸರಿಟ್ಟ. ‘ಕೆರಳಿಸು, ಎಬ್ಬಿಸು’ ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ನಮ್ಮ ಪಠ್ಯಪುಸ್ತಕಗಳಲ್ಲಿ ಚೋದಕ, ರಸದೂತ ಎಂಬ ಪದಗಳು ಬಂದುಹೋದವು. ರಸದೂತ ನನಗೆ ಹೆಚ್ಚು ಇಷ್ಟವಾದ ಪದ, ಆದರೆ ಬಳಕೆಯಲ್ಲಿ ಹಾರ್ಮೋನೇ ಗೆದ್ದಿತು.

ಜೊಲ್ಲಿನ ಗ್ರಂಥಿಗೆ ನಾಳವಿದೆ. ರಸ ನೇರ ಬಾಯಿಗೆ ಬರುತ್ತದೆ. ಹಾರ್ಮೋನು ಸುರಿಸುವ ಗ್ರಂಥಿಗಳಿಗೆ ನಾಳವಿಲ್ಲ. ಆದ್ದರಿಂದಲೇ ಅವು ನಿರ್ನಾಳ ಗ್ರಂಥಿಗಳು. ಅವು ತಮ್ಮ ರಸವನ್ನು ರಕ್ತಕ್ಕೇ ಬಿಡುತ್ತವೆ. ರಕ್ತ ಹೋಗದ ಮನೆಯಿಲ್ಲ. ಹಾಗಾದರೆ ಓಲೆ ಎಲ್ಲ ಜೀವಕೋಶಗಳ ಬಾಗಿಲಿಗೂ ಬರಬೇಕಲ್ಲ? ಬರುತ್ತದೆ. ಆದರೆ ಅದನ್ನು ಒಡೆದು ಓದುವ ಗ್ರಾಹಕ ಯಾವ ಕೋಶದಲ್ಲಿದೆಯೋ ಅದು ಮಾತ್ರ ಓದುತ್ತದೆ. ಹುಂಜದ ಜುಟ್ಟು ಓದುತ್ತದೆ, ಕೊಕ್ಕು ಓದುವುದಿಲ್ಲ. ಬೇಕಾದ ಪ್ರಮಾಣವೂ ಅತ್ಯಲ್ಪ. ಇವನ್ನು ಅಳೆಯುವುದು ನ್ಯಾನೋಗ್ರಾಂನಲ್ಲಿ, ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲೊಂದು ಪಾಲಿನ ಲೆಕ್ಕದಲ್ಲಿ.

ಈಗ ಸಲಗದ ಬಳಿಗೆ ಮರಳೋಣ. ಅದರ ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಒಂದು ಸಣ್ಣ ಸಂದೇಶವನ್ನು ಅದರ ಕೆಳಗೇ ತೂಗುವ ಪಿಟ್ಯುಟರಿ ಗ್ರಂಥಿಗೆ ಕಳಿಸುತ್ತದೆ. ಪಿಟ್ಯುಟರಿ ಇನ್ನೊಂದು ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಅದು ವೃಷಣವನ್ನು ತಲುಪಿದಾಗ ಟೆಸ್ಟೋಸ್ಟಿರಾನ್ ಹುಟ್ಟುತ್ತದೆ. ಈ ಟೆಸ್ಟೋಸ್ಟಿರಾನ್ ಮೈಯೆಲ್ಲ ಸುತ್ತುತ್ತಾ ಮತ್ತೆ ಮಿದುಳಿಗೂ ಬಂದು ‘ಸಾಕು, ನಿಲ್ಲಿಸು’ ಎನ್ನುತ್ತದೆ. ಮನೆಯ ಮೇಲಿನ ನೀರಿನ ತೊಟ್ಟಿಯಲ್ಲಿ ತೇಲುವ ಚೆಂಡು ನಲ್ಲಿ ಮುಚ್ಚುವಂತೆ. ನಮ್ಮ ಮೈಯಲ್ಲೂ ಬಹುಪಾಲು ಹಾರ್ಮೋನುಗಳು ನಡೆಯುವುದು ಹೀಗೆಯೇ. ಮದದ ವಿಶೇಷವೆಂದರೆ ಆ ಕೆಲವು ವಾರ ತೊಟ್ಟಿ ಎಷ್ಟು ಎತ್ತರಕ್ಕೆ ತುಂಬಿದರೂ ಚೆಂಡು ನಲ್ಲಿಯನ್ನು ಮುಚ್ಚದಿರುವುದು.

ಎಷ್ಟು ಎತ್ತರಕ್ಕೆ? 1972ರಲ್ಲಿ ಜೈನುದ್ದೀನ್, ಕಟೊಂಗೊಲೆ ಮತ್ತು ಶಾರ್ಟ್ ಎಂಬ ವಿಜ್ಞಾನಿಗಳು ಶ್ರೀಲಂಕಾದ ಸಾಕಾನೆಗಳ ರಕ್ತವನ್ನು ಪರೀಕ್ಷಿಸಿದರು. ಮದವಿಲ್ಲದಾಗ ಒಂದು ಮಿಲಿಲೀಟರಿಗೆ ಎರಡು ನ್ಯಾನೋಗ್ರಾಮಿಗಿಂತ ಕಡಿಮೆ ಇದ್ದ ಟೆಸ್ಟೋಸ್ಟಿರಾನ್, ಪೂರ್ಣ ಮದದಲ್ಲಿ 30ರಿಂದ 65 ನ್ಯಾನೋಗ್ರಾಮಿನವರೆಗೆ ಏರಿತ್ತು. ಬೇರೆ ಯಾವ ರೀತಿಯಲ್ಲಿ ಹೇಳಿದರೂ ಈ ಅಂಕಿಗಳಷ್ಟು ಸ್ಪಷ್ಟವಾಗದು: ಒಂದೇ ಆನೆ, ಎರಡು ತಿಂಗಳ ಅಂತರದಲ್ಲಿ, ರಕ್ತದ ಮಟ್ಟಿಗೆ ಬೇರೆಯೇ ಪ್ರಾಣಿ.

ಹಾಗೆಂದು ಟೆಸ್ಟೋಸ್ಟಿರಾನನ್ನು ಕೋಪದ ರಸ ಎಂದುಕೊಳ್ಳಬಾರದು. ಮದ ಹುಚ್ಚೂ ಅಲ್ಲ, ರೋಗವೂ ಅಲ್ಲ. ಆಫ್ರಿಕಾದ ಆನೆಗಳಲ್ಲೂ ಮದವಿದೆ ಎಂದು ಜಾಯ್ಸ್ ಪೂಲ್ ಮತ್ತು ಸಿಂಥಿಯಾ ಮಾಸ್ 1981ರಲ್ಲಿ ಕೀನ್ಯಾದ ಅಂಬೊಸೆಲಿಯಿಂದ ವರದಿ ಮಾಡಿದರು. ನಮ್ಮವರಿಗೆ ಸಾವಿರಾರು ವರ್ಷಗಳಿಂದ ಗೊತ್ತಿದ್ದುದು ಅಲ್ಲಿಯ ಆನೆಗಳ ವಿಷಯದಲ್ಲಿ ಸುದ್ದಿಯಾಗಲು ಇಷ್ಟು ಕಾಲ ಬೇಕಾಯಿತು. ಆ ಬಳಿಕದ ಅಧ್ಯಯನಗಳಲ್ಲಿ ತಿಳಿದುಬಂದ ಮುಖ್ಯ ಸಂಗತಿಯೆಂದರೆ, ಮದವು ಗಂಡಾನೆಗಳ ನಡುವಿನ ಮೇಲುಕೀಳನ್ನೇ ತಿರುವುಮುರುವು ಮಾಡುತ್ತದೆ. ಮದದಲ್ಲಿರುವ ಸಣ್ಣ ಆನೆಗೂ ಮದವಿಲ್ಲದ ದೊಡ್ಡ ಆನೆ ದಾರಿ ಬಿಡುತ್ತದೆ. ವಾಸನೆ ಹಿಡಿದು, ಗಾಳಿ ನೋಡಿ, ಸದ್ದಿಲ್ಲದೆ ಪಕ್ಕಕ್ಕೆ ಸರಿಯುತ್ತದೆ. ಬಹುಪಾಲು ಕಾಳಗಗಳು ಹೀಗೆ ನಡೆಯುವ ಮೊದಲೇ ಮುಗಿಯುತ್ತವೆ. ಸಮಬಲದ ಎರಡು ಮದ್ದಾನೆಗಳು ಮುಖಾಮುಖಿಯಾದಾಗ ಮಾತ್ರ ಸಾವಿನ ಕಾಳಗ. ಇದರಲ್ಲಿ ಸಾಕಾನೆಯ ಸ್ಥಿತಿ ವಿಚಿತ್ರ. ಬೆನ್ನ ಮೇಲೆ ಮಾವುತನನ್ನು ಹೊತ್ತು ಆಜ್ಞೆಗೆ ನಿಂತ ಆನೆಗೆ ಪಕ್ಕಕ್ಕೆ ಸರಿಯುವ ಸ್ವಾತಂತ್ರ್ಯವಿಲ್ಲ. ಕಾಡಿನಲ್ಲಿ ಜೀವ ಉಳಿಸುವ ಆ ಹಳೆಯ ಒಪ್ಪಂದದಿಂದ ನಾವು ಅದನ್ನು ಹೊರಗಿಟ್ಟಿದ್ದೇವೆ.

ವಾಸನೆ ಎಂದೆನಲ್ಲ, ಆ ವಿಷಯ ಇನ್ನೂ ಸ್ವಾರಸ್ಯದ್ದು. ಆನೆಯ ಕಪೋಲದಿಂದ ಸುರಿಯುವ ಮದಜಲಕ್ಕೆ ದುಂಬಿಗಳು ಮುತ್ತುವ ವರ್ಣನೆ ಸಂಸ್ಕೃತ, ಕನ್ನಡ ಕಾವ್ಯಗಳಲ್ಲಿ ಎಷ್ಟು ಸಲ ಬಂದಿದೆಯೋ ಲೆಕ್ಕವಿಲ್ಲ. ಓದಿದವರು ಅದನ್ನು ಕವಿಸಮಯ ಎಂದು ಬದಿಗಿಟ್ಟರು. ಮದ್ದಾನೆಯ ಬಳಿ ನಿಂತವರಿಗೆ ತಿಳಿದಂತೆ ಅಲ್ಲಿರುವುದು ಗಬ್ಬು ನಾತ, ದುಂಬಿಗೇನು ಕೆಲಸ? 2002ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬೆಟ್ಸ್ ರಾಸ್ಮುಸೆನ್, ರಿಡಲ್ ಮತ್ತು ತಮಿಳುನಾಡಿನ ಹೆಸರಾಂತ ಆನೆ ವೈದ್ಯ ವಿ. ಕೃಷ್ಣಮೂರ್ತಿ ಇದಕ್ಕೆ ಉತ್ತರ ಕೊಟ್ಟರು. ಮೊದಲ ಮದಕ್ಕೆ ಬರುವ ಎಳೆಯ ಗಂಡಿನ ಸ್ರಾವದಲ್ಲಿ ಜೇನಿನ ಪರಿಮಳದ ರಾಸಾಯನಿಕಗಳಿವೆ. ವಯಸ್ಸಾದಂತೆ ಅವು ಹೋಗಿ ಕಟುವಾಸನೆಯವು ಬರುತ್ತವೆ. ಅಂದರೆ ಸ್ರಾವ ತನ್ನೊಡೆಯನ ವಯಸ್ಸನ್ನೂ ಸಾರುತ್ತದೆ. ಎಳೆಯನ ಜೇನುವಾಸನೆ ಹಿರಿಯರಿಗೆ ‘ನನ್ನಿಂದ ನಿಮಗೆ ಪೈಪೋಟಿಯಿಲ್ಲ’ ಎಂದು ಹೇಳುವ ರೀತಿ. ನಮ್ಮ ಕವಿಗಳು ಕಲ್ಪಿಸಿರಲಿಲ್ಲ, ನೋಡಿದ್ದರು. ಯಾವ ವಯಸ್ಸಿನ ಆನೆಯನ್ನು ನೋಡಿದ್ದರು ಎಂಬುದಷ್ಟೇ ಬಾಕಿಯಿದ್ದ ಪ್ರಶ್ನೆ.

ಇದೇ ರಾಸ್ಮುಸೆನ್ ಅವರ ತಂಡ 1996ರಲ್ಲಿ ಇನ್ನೊಂದು ಅಚ್ಚರಿ ಕಂಡಿತ್ತು. ಬೆದೆಗೆ ಬಂದ ಹೆಣ್ಣಾನೆಯ ಮೂತ್ರದಲ್ಲಿ ಗಂಡನ್ನು ಸೆಳೆಯುವ ವಸ್ತು, ನೂರಕ್ಕೂ ಹೆಚ್ಚು ಜಾತಿಯ ಪತಂಗಗಳ ಹೆಣ್ಣುಗಳು ಗಂಡಿಗಾಗಿ ಗಾಳಿಗೆ ಬಿಡುವ ವಸ್ತುವೇ ಆಗಿತ್ತು! ಹಾರ್ಮೋನು ಮೈಯೊಳಗಿನ ಓಲೆ. ಇಂಥವು ಮೈಯಿಂದ ಮೈಗೆ ಹೋಗುವ ಓಲೆ, ಇವಕ್ಕೆ ಫೆರೊಮೋನು ಎಂದು ಹೆಸರು. ಒಳಗಿನ ಓಲೆ ತಲುಪಿದ ಮೇಲೆಯೇ ಹೊರಗಿನ ಓಲೆ ಹೊರಡುವುದು.

ಇರಲಿ. ಹಾಸನದ ಗುಡ್ಡಗಳಿಗೆ ಸಂಬಂಧಿಸಿದ ಮುಖ್ಯ ಪ್ರಶ್ನೆ ಬೇರೆ: ಬೆಂಕಿ ಹಚ್ಚುವವರು ಯಾರು?

ಮೊದಲ ಉತ್ತರ ವಯಸ್ಸು. ಹದಿಹರೆಯದ ಕೊನೆಗೆ ಮದ ಅನಿಯಮಿತವಾಗಿ, ಕೆಲವೇ ದಿನ ಕಾಣಿಸಿಕೊಳ್ಳುತ್ತದೆ. ಪ್ರಾಯ ಬಲಿತಂತೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಎರಡು ಮೂರು ತಿಂಗಳವರೆಗೂ ಇರುತ್ತದೆ. ಎರಡನೆಯ ಉತ್ತರ ಹೊಟ್ಟೆ. ಮದ ದುಬಾರಿ ಬಾಬತ್ತು. ತಿನ್ನದೆ ಅಲೆಯಲು ಮೈಯಲ್ಲಿ ಮೊದಲೇ ಕೂಡಿಟ್ಟ ಗಂಟಿರಬೇಕು. ಸೊರಗಿದ ಆನೆಗೆ ಮದ ಬರುವುದಿಲ್ಲ, ಬಂದರೂ ಬೇಗ ಇಳಿಯುತ್ತದೆ. ಮದ ಬಂದ ಸಾಕಾನೆಯ ಮೇವು ತಗ್ಗಿಸುವ ಮಾವುತರ ಹಳೆಯ ಪದ್ಧತಿಯ ಹಿಂದಿದ್ದುದು ಈ ಅರಿವೇ. ಹಾರ್ಮೋನುಗಳ ಹೆಸರು ಅವರಿಗೆ ಬೇಕಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಆನೆಗಳ ವಿಷಯ ವಿಸ್ತಾರವಾಗಿ ಬಂದಿದೆ, ‘ಮಾತಂಗಲೀಲೆ’ಯಂಥ ಗಜಶಾಸ್ತ್ರದ ಗ್ರಂಥ ಮದದ ಅವಸ್ಥೆಗಳನ್ನು ಹಂತಹಂತವಾಗಿ ವಿಂಗಡಿಸಿದೆ.

ಈಗ ಸಕಲೇಶಪುರ, ಆಲೂರಿನ ನೆಲವನ್ನು ಆನೆಯ ಕಣ್ಣಿನಿಂದ ನೋಡಿ. ಕಾಫಿಯ ನೆರಳಿಗೆಂದು ಬೆಳೆಸಿದ ಮರಗಳ ನಡುವೆ ಹಲಸು, ಬೈನೆ. ಅಂಚಿಗೆ ಬಾಳೆ. ಕಣಿವೆಯಲ್ಲಿ ಭತ್ತದ ಗದ್ದೆ. ಬೇಸಿಗೆಯಲ್ಲೂ ಬತ್ತದ ತೋಟದ ಕೆರೆಗಳು. ಬಯಲುಸೀಮೆಯ ಅಂಚಿನ ಒಣ ಕಾಡಿಗೆ ಹೋಲಿಸಿದರೆ ಇದು ಹಬ್ಬದೂಟ. 1988ರಲ್ಲೇ ರಾಮನ್ ಸುಕುಮಾರ್ ಮತ್ತು ಮಾಧವ ಗಾಡ್ಗೀಳ್ ಗಂಡಾನೆಗಳು ಹೆಣ್ಣಾನೆಗಳಿಗಿಂತ ಬಹಳ ಹೆಚ್ಚಾಗಿ ಬೆಳೆಗೆ ನುಗ್ಗುವುದನ್ನು ತೋರಿಸಿದ್ದರು. ಪ್ರಾಣಕ್ಕೆ ಅಪಾಯವಿದ್ದರೂ ಸಿಗುವ ಪೌಷ್ಟಿಕ ಮೇವು ಗಂಡಿಗೆ ಸಂತಾನದ ಪೈಪೋಟಿಯಲ್ಲಿ ಲಾಭ ತರುತ್ತದೆ ಎಂಬುದು ಅವರ ತರ್ಕ. ಭತ್ತದ ತೆನೆ ಮದವಾಗಿ ಮಾರ್ಪಡುವ ದಾರಿ ಇದು. ಗದ್ದೆಯಲ್ಲಿ ನಾವು ಬೆಳೆದದ್ದು ಸಲಗದ ಹೊಟ್ಟೆ ಸೇರಿ, ಅದರ ಪಿಟ್ಯುಟರಿಗೆ ‘ಗಂಟು ಕೂಡಿದೆ, ಹೊರಡಬಹುದು’ ಎಂಬ ಸಮ್ಮತಿಯಾಗುತ್ತದೆ.

ಆದರೆ ಓಡಿಸುವ ಪಟಾಕಿ, ತಮಟೆ, ಜೀಪಿನ ದೀಪ ಇವೆಲ್ಲ ಆನೆಯನ್ನು ಕಂಗೆಡಿಸುವುದಿಲ್ಲವೇ? ಅದಕ್ಕೂ ಒಬ್ಬ ಓಲೆಕಾರನಿದ್ದಾನೆ. ಮೂತ್ರಪಿಂಡದ ನೆತ್ತಿಯಲ್ಲಿ ಟೋಪಿಯಂತೆ ಕೂತ ಅಡ್ರಿನಲ್ ಗ್ರಂಥಿಯಿಂದ ಬರುವ ಕಾರ್ಟಿಸಾಲ್. ಅದರ ಕೆಲಸ ಮನುಷ್ಯನಲ್ಲೇ ನೋಡೋಣ. ಸಂಜೆ ತೋಟದಿಂದ ಲೈನ್‌ಮನೆಗೆ ನಡೆಯುವ ಹೆಂಗಸಿಗೆ ಬಿದಿರು ಮುರಿದ ಸದ್ದು ಕೇಳಿಸಿತು ಎನ್ನಿ. ಮೊದಲ ಕೆಲವೇ ಸೆಕೆಂಡುಗಳಲ್ಲಿ ಅಡ್ರಿನಲಿನ್ ಬರುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ಕಾಲಿಗೆ ರಕ್ತ ನುಗ್ಗುತ್ತದೆ. ಕೆಲವು ನಿಮಿಷ ತಡೆದು ಬರುವ ಕಾರ್ಟಿಸಾಲ್ ರಕ್ತಕ್ಕೆ ಸಕ್ಕರೆ ಒದಗಿಸುತ್ತದೆ, ಜೀರ್ಣ, ಬೆಳವಣಿಗೆ, ಸಂತಾನದಂಥ ನಿಧಾನದ ಕೆಲಸಗಳನ್ನು ಸದ್ಯಕ್ಕೆ ಮುಂದೂಡುತ್ತದೆ. ಒಂದು ಸಂಜೆಯ ಮಟ್ಟಿಗೆ ಇದು ಜೀವರಕ್ಷಕ. ದಿನವೂ ಇದೇ ಆದರೆ ಅದೇ ಓಲೆಕಾರ ನಿದ್ದೆ, ರಕ್ತದೊತ್ತಡ, ರಕ್ತದ ಸಕ್ಕರೆ ಎಲ್ಲವನ್ನೂ ಕೆಡಿಸುತ್ತಾನೆ. ಆನೆ ಕಾಟದ ಲೆಕ್ಕವನ್ನು ಬೆಳೆಹಾನಿ ಪರಿಹಾರದ ಅರ್ಜಿಗಳಲ್ಲಿ ಮಾತ್ರ ಹುಡುಕುವವರು, ವರ್ಷಗಟ್ಟಲೆ ಕಿವಿ ತೆರೆದು ಮಲಗುವ ಜನರ ಮೈಯಲ್ಲಿ ಬರೆಯಲಾಗುವ ಈ ಲೆಕ್ಕವನ್ನೂ ನೋಡಬೇಕು.

ಆನೆಯ ಮೈಯಲ್ಲಿ ಅದನ್ನು ನೋಡಲು ರಕ್ತ ಬೇಕಿಲ್ಲ, ಲದ್ದಿ ಸಾಕು. ಕೆಲಸ ಮುಗಿಸಿದ ಹಾರ್ಮೋನು ಪಿತ್ತಜನಕಾಂಗದಲ್ಲಿ ಒಡೆದು, ಅದರ ಚೂರುಗಳು ಲದ್ದಿಯಲ್ಲಿ ಹೊರಬೀಳುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಜೀತಾ ಪೊಖರೆಲ್, ಪೊಲಾನಿ ಶೇಷಗಿರಿ, ಸುಕುಮಾರ್ ಮತ್ತು ಸಂಗಡಿಗರು ಕಾಡಿನ ಆನೆಗಳ ಹಾಗೂ ಬೆಳೆಗೆ ನುಗ್ಗುವ ಆನೆಗಳ ತಾಜಾ ಲದ್ದಿಯನ್ನು ಹೋಲಿಸಿ 2019ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೆಳೆಗೆ ನುಗ್ಗುವ ಆನೆಗಳಲ್ಲಿ ಒತ್ತಡದ ಹಾರ್ಮೋನು ಹೆಚ್ಚಿರಬೇಕೆಂದು ಯಾರಾದರೂ ಊಹಿಸುತ್ತಾರೆ. ಕಂಡದ್ದು ಉಲ್ಟಾ. ಅವುಗಳಲ್ಲೇ ಕಡಿಮೆ! ಒಳ್ಳೆಯ ಮೇವೇ ಒತ್ತಡವನ್ನು ತಣಿಸುತ್ತಿರಬಹುದು ಎಂದು ಅವರು ವಿವರಿಸಿದರು. ಪಟಾಕಿ ಹೊಡೆದು ಬೇಸತ್ತ ಬೆಳೆಗಾರರಿಗೆ ಈ ಅಧ್ಯಯನ ಓದಿದರೆ ಸಿಟ್ಟು ಬರಬಹುದು, ಆದರೆ ಆಶ್ಚರ್ಯವಾಗಲಾರದು. ನಮ್ಮ ಗದ್ದಲ ಆನೆಗೆ ಊಟದ ಬೆಲೆಯಷ್ಟೇ.

ಬೆಂಕಿ ಆರಿಸುವವರು ಯಾರು ಎಂಬ ಪ್ರಶ್ನೆಗೆ ಉತ್ತರ ಬಂದದ್ದು ದಕ್ಷಿಣ ಆಫ್ರಿಕಾದಿಂದ. ಅಲ್ಲಿನ ಪಿಲಾನೆಸ್‌ಬರ್ಗ್ ವನ್ಯಧಾಮಕ್ಕೆ ಬೇರೆಡೆಯಿಂದ ತಂದು ಬಿಟ್ಟ ಅನಾಥ ಮರಿಗಳು ಹಿರಿಯ ಗಂಡುಗಳಿಲ್ಲದೆ ಬೆಳೆದವು. ಅವಕ್ಕೆ ಅಕಾಲದಲ್ಲಿ, ಬಹಳ ದಿನ ಮದ ಬರತೊಡಗಿತು. 1992ರಿಂದ 1997ರ ನಡುವೆ ಈ ಹುಡುಗಾನೆಗಳು 40ಕ್ಕೂ ಹೆಚ್ಚು ಬಿಳಿ ಖಡ್ಗಮೃಗಗಳನ್ನು ಕೊಂದುಹಾಕಿದವು. ಗುಂಡಿಟ್ಟು ಕೊಲ್ಲುವ ಬದಲು ಕ್ರೂಗರ್ ಉದ್ಯಾನದಿಂದ ಆರು ಹಿರಿಯ ಸಲಗಗಳನ್ನು ತಂದು ಬಿಟ್ಟರು. ಎಳೆಯವುಗಳ ಮದ ಇಳಿಯಿತು, ಕೊಲೆ ನಿಂತಿತು. 2000ದಲ್ಲಿ ಸ್ಲಾಟೊ ಮತ್ತು ಸಂಗಡಿಗರು ಇದನ್ನು ‘ನೇಚರ್’ನಲ್ಲಿ ವರದಿ ಮಾಡಿದರು. ಮದವಿರುವ ಹಿರಿಯನ ಎದುರು ನಿಂತ ಕಿರಿಯನ ಮದ ಕೆಲವು ಗಂಟೆಗಳಲ್ಲೇ ಇಳಿದದ್ದೂ ಉಂಟು. ಒಂದು ಆನೆಯ ರಕ್ತದಲ್ಲಿ ಏನು ಹರಿಯಬೇಕೆಂಬುದನ್ನು ಎದುರಿಗಿರುವ ಇನ್ನೊಂದು ಆನೆ ನಿರ್ಧರಿಸುತ್ತದೆ.

ಹಾಸನದಲ್ಲಿ ನಾವು ಮಾಡುತ್ತ ಬಂದದ್ದು ಹೆಚ್ಚುಕಡಿಮೆ ಇದರ ವಿರುದ್ಧ ದಿಕ್ಕಿನ ಕೆಲಸ. ಹೈಕೋರ್ಟಿನ ಸೂಚನೆಯಂತೆ ರಚನೆಯಾಗಿ ಸುಕುಮಾರ್ ಅಧ್ಯಕ್ಷತೆಯಲ್ಲಿ ಕೆಲಸ ಮಾಡಿದ ಕರ್ನಾಟಕ ಆನೆ ಕಾರ್ಯಪಡೆ 2012ರ ವರದಿಯಲ್ಲಿ, ದೊಡ್ಡ ಕಾಡಿನ ಆಸರೆಯಿಲ್ಲದ ಆಲೂರು ಸೀಮೆಯಿಂದ ಆನೆಗಳನ್ನು ತೆರವು ಮಾಡಲು ಶಿಫಾರಸು ಮಾಡಿತ್ತು. ಅದರಂತೆ 2014ರಲ್ಲಿ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಲಾಯಿತು. ಆನೆಗಳು ಮತ್ತೆ ಬಂದವು. ಆ ಬಳಿಕ ಹಿಡಿದದ್ದು ಬಹುತೇಕ ‘ಪುಂಡಾನೆ’ ಎಂದು ಹೆಸರು ಬಿದ್ದ ಒಂಟಿ ಸಲಗಗಳನ್ನು. ಜೀವಹಾನಿಯಾದ ಊರಿನಲ್ಲಿ ನಿಂತು ಇದು ತಪ್ಪೆನ್ನುವುದು ಸುಲಭವಲ್ಲ. 2023ರ ಆಗಸ್ಟ್‌ನಲ್ಲಿ ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡ ಆನೆಗೆ ಚಿಕಿತ್ಸೆಗೆಂದು ಅರಿವಳಿಕೆ ಹಾರಿಸಲು ಹೋದ ಅನುಭವಿಯೇ ಅದರ ದಾಳಿಗೆ ಬಲಿಯಾದರು. ಆದರೂ ಒಂದು ಪ್ರಶ್ನೆ ಕೇಳಲೇಬೇಕು: ಹಿರಿಯ ಗಂಡನ್ನು ಲಾರಿಗೆ ಹತ್ತಿಸಿದ ಮರುದಿನ ಅಲ್ಲಿ ಉಳಿದ ಇಪ್ಪತ್ತರ ಹರೆಯದ ಗಂಡುಗಳ ರಕ್ತದಲ್ಲಿ ಏನಾಗುತ್ತದೆ? ದಕ್ಷಿಣ ಕರ್ನಾಟಕದ ಕೃಷಿ ಸೀಮೆಗಳಲ್ಲಿ ಎಳೆಯ ಗಂಡುಗಳು ಕಾಡಿನಲ್ಲಿ ಅಪರೂಪವಾದ ದೊಡ್ಡ ಗಂಡು ಗುಂಪುಗಳನ್ನು ಕಟ್ಟಿಕೊಳ್ಳುವುದನ್ನು ನಿಶಾಂತ್ ಶ್ರೀನಿವಾಸಯ್ಯ ಮತ್ತು ಸಂಗಡಿಗರು 2019ರಲ್ಲಿ ದಾಖಲಿಸಿದ್ದಾರೆ. ಅಪಾಯದ ನೆಲದಲ್ಲಿ ಬದುಕಲು ಅವು ಕಂಡುಕೊಂಡ ಉಪಾಯವದು. ಯಾವ ಆನೆ ಯಾವ ಗುಂಪಿನಲ್ಲಿ ಹಿರಿಯ ಎಂದು ತಿಳಿಯದೆ ಹಿಡಿಯಲು ಹೋಗುವುದು, ಯಾವ ಕಂಬ ತೊಲೆ ಹೊತ್ತಿದೆ ಎಂದು ನೋಡದೆ ಕೀಳುವಂತೆ.

ಸಾಕಾನೆಗಳ ಮಟ್ಟಿಗೆ ಹಾರ್ಮೋನು ಓದುವ ಅಭ್ಯಾಸ ನಮ್ಮಲ್ಲಿ ಬಂದಿದೆ. ಮದದಲ್ಲಿರುವ ಗಂಡನ್ನು ದಸರೆಗೆ ಆರಿಸುವುದಿಲ್ಲ. 2022ರ ಸೆಪ್ಟೆಂಬರಿನಲ್ಲಿ ದಸರೆಗೆ ಬಂದಿದ್ದ ಲಕ್ಷ್ಮಿ ಎಂಬ ಹೆಣ್ಣಾನೆ ಅರಮನೆ ಆವರಣದಲ್ಲೇ ಮರಿ ಹಾಕಿತು. 22 ತಿಂಗಳ ಬಸಿರು ಅಷ್ಟು ದೊಡ್ಡ ಮೈಯಲ್ಲಿ ಕಣ್ಣಿಗೆ ಬೀಳದೆ ಉಳಿದಿತ್ತು. ಆ ಬಳಿಕ ಹೆಣ್ಣಾನೆಗಳ ಗರ್ಭ ಪರೀಕ್ಷೆಗೆ ಒತ್ತು ಬಂತು. ಥಾಯ್ಲೆಂಡ್ ಮೊದಲಾದೆಡೆ ಹೈಪೊಥಲಾಮಸ್ಸಿನ ಮೊದಲ ಓಲೆಯನ್ನೇ ತಡೆಯುವ ಲಸಿಕೆಯಿಂದ ಸಾಕಾನೆಯ ಮದ ತಗ್ಗಿಸುವ ಪ್ರಯೋಗಗಳೂ ನಡೆದಿವೆ. ಮತ್ತೆ ಮತ್ತೆ ಚುಚ್ಚಬೇಕಾದ ಈ ಉಪಾಯ ಗುಡ್ಡ ಹತ್ತಿಳಿಯುವ ಕಾಡಾನೆಗೆ ಹೇಳಿದ್ದಲ್ಲ.

ಕಾಡಾನೆಯ ನೆರೆಯಲ್ಲಿರುವವರಿಗೆ ಉಳಿದಿರುವುದು ಕಣ್ಣು ಮತ್ತು ಮೂಗು. ಆನೆ ಎಲ್ಲಿದೆ ಎಂದು ಊರಿಗೆ ತಿಳಿಸುವ ಮೊಬೈಲ್ ಸಂದೇಶ, ರಸ್ತೆಬದಿಯ ಎಚ್ಚರಿಕೆ ದೀಪಗಳು ಈ ಸೀಮೆಗೆ ಬಂದು ವರ್ಷಗಳಾದವು. ಎಲ್ಲಿದೆ ಎಂಬುದರ ಜತೆ ಅದು ಯಾವ ಸ್ಥಿತಿಯಲ್ಲಿದೆ ಎಂಬುದೂ ಸೇರಿದರೆ ಆ ಸಂದೇಶದ ಬೆಲೆ ಹೆಚ್ಚುತ್ತದೆ. ಕಣ್ಣಿನ ಹಿಂದಿನ ಕಪ್ಪು ಗೆರೆ ಕೆನ್ನೆಯಿಳಿದು ಬಾಯಿಯ ಬಳಿ ಬಂದಿದ್ದರೆ, ಹಿಂಗಾಲಿನ ಒಳಬದಿ ತೊಟ್ಟಿಕ್ಕಿದ ಮೂತ್ರದಿಂದ ಒದ್ದೆಯಾಗಿದ್ದರೆ, ಗಾಳಿಯಲ್ಲಿ ಕಟುವಾದ ವಾಸನೆಯಿದ್ದರೆ, ಆ ಸಲಗ ಪೂರ್ಣ ಮದದಲ್ಲಿದೆ. ಮೊನ್ನೆಯವರೆಗೆ ದಿನವೂ ಕಂಡು ದಾರಿ ಬಿಟ್ಟುಕೊಟ್ಟಿದ್ದ ಪರಿಚಯದ ಆನೆಯೇ ಅದಾಗಿದ್ದರೂ ಆ ಕೆಲವು ವಾರ ಪರಿಚಯದ ಲೆಕ್ಕ ನಡೆಯದು. ಹಾಗೆಯೇ ಜೇನಿನ ವಾಸನೆಯ ಎಳೆಯ ಗಂಡು ಕಂಡರೆ ಮೋಸಹೋಗಬೇಡಿ. ಆ ಸೌಮ್ಯದ ಮಾತು ಹಿರಿಯ ಆನೆಗಳಿಗೆ ಹೇಳಿದ್ದು, ಮನುಷ್ಯರಿಗಲ್ಲ.